ಉಣ್ಣೆಯ ಪಗಡಿ

ಈ ಬರಹದ ಮುಖ್ಯ ಸಂಗತಿಗಳು ನಡೆದಾಗಲೆಲ್ಲ ನಾನು ಸ್ಥಳದಲ್ಲೇ ಇದ್ದೆ. ಒಂದನ್ನೂ ನೋಡಿಲ್ಲ. ಬಿದ್ದವನು ನಾನು, ಕಂಡವರು ಬೇರೆಯವರು. ಹಾಗಾಗಿ ಇಲ್ಲಿ ಬರುವುದರಲ್ಲಿ ಎಷ್ಟು ನಿಜವಾಗಿ ನಡೆದದ್ದು, ಎಷ್ಟು ಬೇರೆಯವರಿಂದ ಕೇಳಿದ್ದು, ಎಷ್ಟನ್ನು ನಾನೇ ಆಮೇಲೆ ಮನಸ್ಸಿನಲ್ಲಿ ಕಟ್ಟಿಕೊಂಡದ್ದು ಎಂದು ಖಚಿತವಾಗಿ ಹೇಳಲಾರೆ.

ನಾನು ಭೌತಶಾಸ್ತ್ರ ಓದಿದವನು. ಏನನ್ನಾದರೂ ಅಳೆದರೆ ಆ ಅಳತೆಯಲ್ಲಿ ಎಷ್ಟು ತಪ್ಪು ಇರಬಹುದು ಎಂಬುದನ್ನೂ ಪಕ್ಕದಲ್ಲೇ ಬರೆಯಬೇಕು ಎಂದು ಮೈಸೂರಿನಲ್ಲಿ ಕಲಿಸಿದ್ದರು. ಕಾಯಿಲೆ ಶುರುವಾದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ನಾಲ್ಕು ಕಾಲಂ ಮಾಡಿದೆ: ಯಾರು ಕಂಡರು, ಎಲ್ಲಿ ನಿಂತು ಕಂಡರು, ಏನು ಹೇಳಿದರು, ನನಗೆ ಏನು ನೆನಪಿದೆ. ಕೊನೆಯ ಕಾಲಂ ಹೆಚ್ಚಾಗಿ ಖಾಲಿ. ಆ ನೋಟ್‌ಬುಕ್ಕನ್ನು ಎದುರಿಗಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಬರೆಯಲು ಕಾರಣವೂ ಉಂಟು. ಈಚೆಗೆ ಕಡಬದ ಮದ್ದಿನಂಗಡಿಯಲ್ಲಿ ಒಬ್ಬಳು ಯುವತಿ ನಾನು ನುಂಗುವ ಮಾತ್ರೆಯನ್ನೇ ಕೇಳಿದಳು. ಕೇಳಿದ ಕೂಡಲೇ ಚೀಟಿಯನ್ನು ನಾಲ್ಕಾಗಿ ಮಡಚಿ ಮುಷ್ಟಿಯೊಳಗೆ ಹಾಕಿಕೊಂಡಳು. ನಾನೂ ವರ್ಷಗಟ್ಟಲೆ ಹಾಗೆಯೇ ಮಡಚಿದವನು.

ಮೊದಲ ಸಲ ಬಿದ್ದದ್ದು ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ, ಎಪ್ಪತ್ತರ ದಶಕದ ಕೊನೆಯ ಒಂದು ಸೋಮವಾರ ಬೆಳಿಗ್ಗೆ. ನರಿಮೊಗರಿನಲ್ಲಿದ್ದ ಅಕ್ಕನ ಮನೆಯಿಂದ ಬಂದು ಬೆಳ್ಳಾರೆ ಬಸ್ಸಿಗೆ ಕಾಯುತ್ತಿದ್ದೆ. ಬೆಳ್ಳಾರೆ ಹತ್ತಿರದ ಒಂದು ಖಾಸಗಿ ಜೂನಿಯರ್ ಕಾಲೇಜಿನಲ್ಲಿ ಉಪನ್ಯಾಸಕನಾಗಿ ಸೇರಿ ಒಂದು ವರ್ಷ ಆಗಿತ್ತು. ಎರಡು ವರ್ಷ ಪ್ರೊಬೇಷನ್. ಅದು ಮುಗಿದ ಮೇಲೆ ಆಡಳಿತ ಮಂಡಳಿ ಸೇರಿ ಕಾಯಂ ಮಾಡಬೇಕು, ಇಲ್ಲವೇ ಮನೆಗೆ ಕಳಿಸಬೇಕು. ಆ ಸೋಮವಾರದವರೆಗೆ ಅದರ ಬಗ್ಗೆ ನನಗೆ ಯಾವ ಚಿಂತೆಯೂ ಇರಲಿಲ್ಲ. ನನ್ನ ಪಾಠದ ಮೇಲೆ ನನಗೆ ವಿಶ್ವಾಸ ಇತ್ತು, ಈಗಲೂ ಇದೆ.

ಎಷ್ಟು ಹೊತ್ತು ಬಿದ್ದಿದ್ದೆ ಎಂಬುದಕ್ಕೆ ನೋಟ್‌ಬುಕ್ಕಿನಲ್ಲಿ ಮೂರು ಉತ್ತರಗಳಿವೆ. ಬಸ್ಸಿನ ಕಂಡಕ್ಟರು ಎರಡು ನಿಮಿಷ ಎಂದರು. ಬೀಡಾ ಅಂಗಡಿಯವರು ಅರ್ಧ ಗಂಟೆ ಎಂದರು. ಹೂ ಮಾರುವ ಹೆಂಗಸು ತಾನು ಒಂದು ಮೊಳ ಕಟ್ಟಿ ಮುಗಿಸುವಷ್ಟು ಎಂದಳು. ನಾನು ನಂಬುವುದು ಅವಳನ್ನು. ತಲೆ ಮೆಟ್ಟಿಲಿನ ಕಲ್ಲಿಗೆ ತಾಗಿ ಹಿಂಬದಿ ಒಡೆದಿತ್ತು. ಯಾರೋ ನೀರುಳ್ಳಿ ಜಜ್ಜಿ ಮೂಗಿಗೆ ಹಿಡಿದರಂತೆ. ಇನ್ಯಾರೋ ಕೈಗೆ ಕಬ್ಬಿಣ ಕೊಡಿ, ನಿಲ್ಲುತ್ತದೆ ಎಂದರಂತೆ. ಎಚ್ಚರ ಆದಾಗ ನಾನು ಒಂದು ಕ್ಲಿನಿಕ್ಕಿನ ಬೆಂಚಿನ ಮೇಲಿದ್ದೆ, ಕೈಯಲ್ಲಿ ನನ್ನದಲ್ಲದ ಒಂದು ಬೀಗದ ಕೈ ಗೊಂಚಲು. ಮಧ್ಯಾಹ್ನದ ಹೊತ್ತಿಗೆ ಅದರ ಯಜಮಾನರು ಹುಡುಕಿಕೊಂಡು ಬಂದರು. ಅಂಗಡಿ ತೆರೆಯಲಾಗದೆ ಬೆಳಗ್ಗಿನಿಂದ ಕಾದು ಕೂತಿದ್ದರಂತೆ. ನನ್ನ ಮೇಲೆ ಸಿಟ್ಟಾಗಲಿಲ್ಲ. ಕೀಲಿ ತೆಗೆದುಕೊಳ್ಳುವ ಮೊದಲು, ಇನ್ನೂ ಬೇಕಾದರೆ ಇಟ್ಟುಕೊಳ್ಳಿ, ನಾಳೆ ಕೊಟ್ಟರೂ ಆಯಿತು ಎಂದು ಹೇಳಿ ನಿಂತರು. ಅವರ ಹೆಸರು ಕೇಳಲು ನನಗೆ ಹೊಳೆಯಲಿಲ್ಲ.

ಮಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಜೊತೆಗೆ ಬಂದದ್ದು ಅಕ್ಕ. ಅವಳ ಹೆಸರು ವಾರಿಜ, ನನಗಿಂತ ಒಂಬತ್ತು ವರ್ಷ ದೊಡ್ಡವಳು, ಪ್ರೈಮರಿ ಶಾಲೆಯಲ್ಲಿ ಟೀಚರು. ಅಮ್ಮ ತೀರಿದ ಮೇಲೆ ನನಗೆ ಮನೆ ಎಂದರೆ ಅವಳ ಮನೆಯೇ. ಅವಳಿಗೆ ಎರಡು ಹುಚ್ಚು. ಒಂದು ಯಕ್ಷಗಾನ, ನಮ್ಮ ಕಡೆಯವರ ಬಾಯಲ್ಲಿ ಬರಿ ‘ಆಟ’. ಡೇರೆ ಮೇಳ ಪುತ್ತೂರಿಗೆ ಬಂದರೆ ಮುಂದಿನ ಸಾಲಿನಲ್ಲಿ ಅವಳು ಇರಲೇಬೇಕು. ಪುಂಡುವೇಷ, ಅಂದರೆ ಎಳೆಯ ವೀರರ ಪಾತ್ರ, ಮಾಡುವ ಒಬ್ಬ ವೇಷಧಾರಿಯ ಮೇಲೆ ಅವಳಿಗೆ ಎಷ್ಟು ಅಭಿಮಾನ ಎಂದರೆ, ಅವನ ತಲೆಯ ಪಗಡಿಯನ್ನು ಬೇರೆ ಬೇರೆ ಕೋನದಿಂದ ಪೆನ್ಸಿಲಿನಲ್ಲಿ ಬಿಡಿಸಿಟ್ಟುಕೊಂಡಿದ್ದಳು. ಎರಡನೆಯ ಹುಚ್ಚು ಹೆಣಿಗೆ. ಆ ಕಾಲದಲ್ಲಿ ಟೀಚರುಗಳ ಚೀಲದಲ್ಲಿ ಹೆಣಿಗೆಯ ಕಡ್ಡಿ ಇರುವುದು ಸಾಮಾನ್ಯವೇ. ಬೆವರು ಸುರಿಯುವ ನಮ್ಮ ಊರಿನಲ್ಲಿ ಯಾರಿಗೂ ಬೇಡದ ಉಣ್ಣೆ ಟೋಪಿಗಳನ್ನು ಅವರೆಲ್ಲ ಹೆಣೆದು ಹೆಣೆದು ಇಡುತ್ತಿದ್ದರು. ನೆಂಟರಲ್ಲಿ ಹುಟ್ಟಿದ ಮಕ್ಕಳಿಗೆ ಅವು ಹೋಗುತ್ತಿದ್ದವು. ಮಕ್ಕಳ ಅಮ್ಮಂದಿರು ಅಕ್ಕನ ಎದುರು ಹಾಕಿ, ಅವಳು ಹೋದ ಕೂಡಲೇ ತೆಗೆಯುತ್ತಿದ್ದರು.

ಆಸ್ಪತ್ರೆಯ ವರಾಂಡದಲ್ಲಿ ಇಡೀ ಬೆಳಿಗ್ಗೆ ಕಾದೆವು. ನನಗೆ ಕೂತಲ್ಲಿ ಕೂರುವ ಅಭ್ಯಾಸ ಇಲ್ಲ. ಆ ಕಡೆ ಈ ಕಡೆ ನಡೆಯುತ್ತಾ ಗೋಡೆಯ ಮೇಲಿದ್ದ ಬೋರ್ಡುಗಳನ್ನೆಲ್ಲ ಓದಿ ಮುಗಿಸಿದೆ. ಅಕ್ಕ ಹೆಣೆಯುತ್ತಿದ್ದಳು. ಪಕ್ಕದಲ್ಲಿ ಕೊಲ್ಲಮೊಗ್ರಿನಿಂದ ಬಂದ ಒಬ್ಬ ತಾಯಿ, ಎಂಟು ವರ್ಷದ ಮಗಳು ಪುಷ್ಪಳನ್ನು ಮಡಿಲಿಗೆ ಒರಗಿಸಿಕೊಂಡು ಕೂತಿದ್ದರು. ಹಿಂದಿನ ದಿನವೇ ಮನೆ ಬಿಟ್ಟು ಪುತ್ತೂರಿನಲ್ಲಿ ನೆಂಟರ ಮನೆಯಲ್ಲಿ ಉಳಿದು ಬಂದವರು. ನನ್ನ ತಲೆಯ ಬ್ಯಾಂಡೇಜನ್ನು ನೋಡಿ, ಎಷ್ಟು ಮಕ್ಕಳು ಎಂದು ಕೇಳುವ ಸ್ವರದಲ್ಲಿ, “ನಿಮ್ಮದು ಎಷ್ಟು ಸಲ ಆಯ್ತು?” ಎಂದು ಕೇಳಿದರು.

“ಒಂದೇ ಸಲ,” ಎಂದೆ.

“ನಮ್ಮದು ಹನ್ನೊಂದು,” ಎಂದರು. ಆಮೇಲೆ ಎಂದೋ ಕಲಿತ ವಿದ್ಯೆಯನ್ನು ಕಿರಿಯನಿಗೆ ಹೇಳಿಕೊಡುವ ಹಾಗೆ, “ಹೆದರಿಕೆ ಆಗುದು ಮೂರನೆಯ ಸಲದವರೆಗೆ. ಮತ್ತೆ ಬುದ್ಧಿ ಬರ್ತದೆ,” ಎಂದರು.

ಡಾಕ್ಟರರ ಕೋಣೆಗೆ ಹೋಗುವ ಮೊದಲೇ ನನ್ನ ಹೆದರಿಕೆಯಲ್ಲಿ ಅರ್ಧ ಕಡಿಮೆ ಆದದ್ದು ಆ ಮಾತಿನಿಂದ.

ತಲೆಗೆ ಅಂಟು ಹಚ್ಚಿ ತಂತಿಗಳನ್ನು ಸಿಕ್ಕಿಸಿ ಮಿದುಳಿನ ಗೆರೆಗಳನ್ನು ಕಾಗದದ ಮೇಲೆ ಇಳಿಸಿದರು. ಡಾಕ್ಟರರು ಆ ಉದ್ದದ ಕಾಗದವನ್ನು ಮೇಜಿನ ಮೇಲೆ ಬಿಡಿಸಿ, ಪೆನ್ನಿನ ತುದಿಯಿಂದ ಒಂದೆರಡು ಕಡೆ ತೋರಿಸಿ, ಅಪಸ್ಮಾರ ಎಂದರು. ದಿನಕ್ಕೆ ಮೂರು ಹೊತ್ತು ಮಾತ್ರೆ, ತಪ್ಪಿಸಬಾರದು. ಸೈಕಲ್ ಬೇಡ, ಹೊಳೆ ಬೇಡ, ಬಾವಿಕಟ್ಟೆ ಬೇಡ. ತಲೆಯ ಹಿಂದಿನ ಗಾಯದ ಮೇಲೆ ಇನ್ನೊಂದು ಪೆಟ್ಟು ಬೀಳಲೇಬಾರದು. ನಿದ್ದೆ ಬಿಡಬಾರದು. “ರಾತ್ರಿ ಆಟ ನೋಡುವ ಅಭ್ಯಾಸ ಉಂಟಾ?” ಎಂದು ಕೇಳಿದರು.

ಇಲ್ಲ, ನನಗೆ ಅದರಲ್ಲಿ ಆಸಕ್ತಿಯೇ ಇಲ್ಲ ಎಂದೆ. ಅಕ್ಕ ಅಷ್ಟರವರೆಗೆ ತಡೆದುಕೊಂಡಿದ್ದಳು. “ನಿದ್ದೆ ಬಿಡುದು ನಾನು ಡಾಕ್ಟ್ರೆ. ಬಂದದ್ದು ಇವನಿಗೆ,” ಎಂದು ಹೇಳಿ ಅತ್ತಳು.

ಬರುವ ಬಸ್ಸಿನಲ್ಲಿ ಒಂದು ವಿಷಯ ಮಾತ್ರ ಚರ್ಚೆ ಆಯಿತು: ಕಾಲೇಜಿಗೆ ಹೇಳುವುದೋ ಬೇಡವೋ. ಮನೆಗೆ ಬಂದ ಮೇಲೆ ಭಾವನೂ ಸೇರಿದರು. ಅವರು ಅಂಚೆ ಕಚೇರಿಯಲ್ಲಿ ಗುಮಾಸ್ತರು, ಮಾತು ಕಡಿಮೆ. ಫಿಟ್ಸ್ ಎಂದು ಗೊತ್ತಾದರೆ ಮಂಡಳಿಯವರು ಕಾಯಂ ಮಾಡುವುದಿಲ್ಲ, ಬೇರೆ ಕಾಲೇಜಿನವರೂ ಹತ್ತಿರ ಸೇರಿಸುವುದಿಲ್ಲ ಎಂದರು. ಗಣಿತದ ಉಪನ್ಯಾಸಕ ಥೋಮಸ್, ಕಾಲೇಜಿನಲ್ಲಿ ನನಗಿದ್ದ ಒಬ್ಬನೇ ಆಪ್ತ, ಅದನ್ನೇ ಹೇಳಿದ. ಪಾಠ ಮಾಡಲು ಬಾರದವರು ಎಷ್ಟೋ ಜನ ಕಾಯಂ ಆಗಿದ್ದಾರೆ, ನೀನು ಬಾಯಿ ಮುಚ್ಚಿಕೊಂಡು ಇರು ಎಂಬುದು ಅವನ ಸಲಹೆ. ಅಕ್ಕ ಮಾತ್ರ ಹೇಳಿಬಿಡು ಎಂದಳು. ನಾನು ಹೇಳಲಿಲ್ಲ. ಕೆಲಸಕ್ಕೂ ಕಾಯಿಲೆಗೂ ಸಂಬಂಧ ಇಲ್ಲದ ಮೇಲೆ ಹೇಳುವ ಅಗತ್ಯ ಇಲ್ಲ ಎಂದು ತರ್ಕ ಹೂಡಿದೆ. ಒಳ್ಳೆಯ ತರ್ಕವೇ. ಹೆದರಿಕೆಯಲ್ಲಿದ್ದಾಗ ನನಗೆ ಒಳ್ಳೆಯ ತರ್ಕಗಳೇ ಹೊಳೆಯುತ್ತವೆ.

ಮಾತ್ರೆಗಳು ಕೆಲಸ ಮಾಡಿದವು, ಜೊತೆಗೆ ಬೇರೆ ಕೆಲಸಗಳನ್ನೂ ಮಾಡಿದವು. ವಸಡು ಊದಿ ಹಲ್ಲುಗಳ ಮೇಲೆ ಏರತೊಡಗಿತು. ಹಗಲು ಹೊತ್ತು ಜೋಂಪು. ಪಾಠದ ಮಧ್ಯೆ ‘ಒತ್ತಡ’, ‘ವೇಗ’ದಂಥ ಮಾತುಗಳೇ ಕೈತಪ್ಪಿ ಹೋಗುತ್ತಿದ್ದವು. ಹಲಗೆಯ ಕಡೆ ತಿರುಗಿ ಸೂತ್ರ ಬರೆಯುವ ನೆಪದಲ್ಲಿ ಪದ ಸಿಗುವವರೆಗೆ ಕಾಯುವುದನ್ನು ಕಲಿತೆ.

ತಲೆಯನ್ನು ಕಾಪಾಡುವ ಜವಾಬ್ದಾರಿಯನ್ನು ಅಕ್ಕ ವಹಿಸಿಕೊಂಡಳು. ಕಂದು ಬಣ್ಣದ ಉಣ್ಣೆಯಲ್ಲಿ ಎರಡು ಪದರದ ಟೋಪಿ ಹೆಣೆದು, ನಡುವೆ ಹಳೆಯ ತಲೆದಿಂಬಿನ ಬೂರುಗದ ಹತ್ತಿ ತುಂಬಿ ಹೊಲಿದಳು. ಹಿಂಬದಿ ಹೆಬ್ಬೆರಳಿನಷ್ಟು ದಪ್ಪ. ಅದನ್ನು ಹಾಕಿಕೊಂಡು ಹೋದ ದಿನ ಬಸ್ಸಿನಲ್ಲಿ ಒಬ್ಬರು, “ಎಂತ ಮಾಷ್ಟ್ರೆ, ಮಡಿಕೇರಿಯಿಂದ ಸೀದ ಇಳಿದು ಬಂದದ್ದಾ?” ಎಂದರು. ಸ್ಟಾಫ್ ರೂಮಿನಲ್ಲಿ ನೆಗಡಿಯಾ ಎಂದು ಕೇಳಿದರು. ಮಕ್ಕಳು ಕೂದಲು ಉದುರಿದ್ದು ಎಂದು ತೀರ್ಮಾನಿಸಿದರು. ಒಂದು ವಾರದಲ್ಲಿ ಟೋಪಿಯ ಕೆಳಗೆ ಏನಿದೆ ಎಂಬುದು ಇಡೀ ಕಾಲೇಜಿನ ಪ್ರಶ್ನೆ ಆಯಿತು. ಶನಿವಾರ ಅಕ್ಕನ ಮನೆಗೆ ಬಂದು ಟೋಪಿಯನ್ನು ಅವಳ ಮುಂದೆ ಎಸೆದೆ.

ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಇದರಲ್ಲಿ ನೋಡ್ಲಿಕ್ಕೆ ಎಂತದೂ ಇಲ್ಲ, ಅದಕ್ಕೇ ಒಳಗೆ ಎಂತ ಉಂಟು ಅಂತ ಕೇಳುದು. ಟೋಪಿಯೇ ನೋಡುವ ಹಾಗೆ ಇದ್ರೆ ನಿನ್ನ ಮಂಡೆ ಯಾರಿಗೆ ಬೇಕು?”

ನನ್ನ ಚೀಲದಲ್ಲಿದ್ದ ಗ್ರಾಫ್ ಹಾಳೆಗಳನ್ನು ತೆಗೆದುಕೊಂಡಳು. ತಾನು ಬಿಡಿಸಿಟ್ಟಿದ್ದ ಪಗಡಿಯ ಚಿತ್ರಗಳನ್ನು ಪಕ್ಕದಲ್ಲಿಟ್ಟು, ಒಂದು ಚೌಕ ಎಂದರೆ ಒಂದು ಕುಣಿಕೆ ಎಂದು ಲೆಕ್ಕ ಹಿಡಿದು, ಚೌಕಗಳಿಗೆ ಬಣ್ಣ ತುಂಬುತ್ತಾ ಹೋದಳು. ಕಪ್ಪು ತಳ, ಅದನ್ನು ಸುತ್ತಿ ಬರುವ ಕೆಂಪು ಪಟ್ಟಿ, ಅಡ್ಡಡ್ಡ ಹೊನ್ನಿನ ಗೆರೆ. ಪುತ್ತೂರಿನ ಉಣ್ಣೆ ಅಂಗಡಿಯಲ್ಲಿ ಹೊನ್ನಿನ ಬಣ್ಣ ಸಿಗದೆ ಅರಸಿನದ ಬಣ್ಣದ್ದನ್ನು ತಂದಳು. ಮೂರು ವಾರದಲ್ಲಿ ಒಂದು ಪುಂಡುವೇಷದ ಪಗಡಿ, ಪೂರ್ತಿ ಉಣ್ಣೆಯದ್ದು, ಒಳಗೆ ಬೂರುಗದ ಹತ್ತಿ ತುಂಬಿದ್ದು, ಸಿದ್ಧವಾಯಿತು. ಮೇಲೆ ತುರಾಯಿಯನ್ನೂ ಇಡುವವಳಿದ್ದಳು. ಬೇಡ ಎಂದು ಹಠ ಹಿಡಿದೆ. ಅಷ್ಟರಲ್ಲಿ ಮಾತ್ರ ಗೆದ್ದೆ.

ಅವಳ ಲೆಕ್ಕ ಸರಿ ಇತ್ತು. ಪಗಡಿ ಹಾಕಿಕೊಂಡು ಹೋದ ದಿನದಿಂದ ಯಾರೂ ತಲೆಯ ವಿಷಯ ಕೇಳಲಿಲ್ಲ. ಹುಡುಗಿಯರು ಹತ್ತಿರ ಬಂದು ಹೆಣಿಗೆ ನೋಡಿದರು. ಸುಳ್ಯದ ಬಸ್ಸಿನಲ್ಲಿ ಒಬ್ಬ ಅಜ್ಜ ಸೀಟು ಬಿಟ್ಟುಕೊಟ್ಟರು. ಭೌತಶಾಸ್ತ್ರದ ಮಾಷ್ಟ್ರಿಗೆ ಆಟದ ಹುಚ್ಚು ಹಿಡಿದಿದೆ ಎಂಬ ಸುದ್ದಿ ಬೆಳ್ಳಾರೆ ಪೇಟೆಯಲ್ಲಿ ಹರಡಿತು. ನಮ್ಮ ಕಡೆ ಆ ಹುಚ್ಚು ಇರುವವನಿಗೆ ಎಲ್ಲವೂ ಮಾಫಿ.

ಕಾಲೇಜಿನ ಸಂಚಾಲಕರು ರೈಗಳು. ಮಂಡಳಿಯಲ್ಲಿ ಅವರ ಮಾತಿಗೆ ತೂಕ ಇತ್ತು. ಅವರೊಬ್ಬ ತಾಳಮದ್ದಳೆಯ ಭಕ್ತರು; ವೇಷ ಕುಣಿತ ಇಲ್ಲದೆ, ಕೂತುಕೊಂಡು ಬರಿ ಹಾಡು ಮಾತುಗಳಲ್ಲೇ ನಡೆಸುವ ಆ ಕೂಟವನ್ನು ವರ್ಷಕ್ಕೊಂದು ಭಾನುವಾರ ಕಾಲೇಜಿನ ಹಾಲಿನಲ್ಲಿ ಇಡಿಸುತ್ತಿದ್ದರು. ನನ್ನ ಪಗಡಿ ಕಂಡ ದಿನ ಅವರು ಕಾರಿಡಾರಿನಲ್ಲಿ ನಿಂತು, ವಿಜ್ಞಾನ ಓದಿದವರಲ್ಲಿ ಇಂಥ ಪ್ರೀತಿ ತಾನು ನೋಡಿರಲಿಲ್ಲ ಎಂದು ಹೇಳಿ ಕೈ ಹಿಡಿದುಕೊಂಡರು. ನಿಮ್ಮದು ಯಾವ ಮೇಳ ಎಂದು ಕೇಳಿದರು. ನಾನು ಏನೋ ತೊದಲಿದೆ. ಅಲ್ಲಿಂದ ಮುಂದೆ ಪ್ರತಿ ಶನಿವಾರ ಅಕ್ಕ ನನಗೆ ಪಾಠ ಹೇಳಿಕೊಡಬೇಕಾಯಿತು. ಭಾಗವತರು ಎಂದರೆ ಯಾರು, ತಾಳಗಳು ಯಾವುವು, ಯಾರ ಮಾತು ಹೇಗೆ. ಪರೀಕ್ಷೆಗೆ ಓದುವ ಹಾಗೆ ಓದಿದೆ. ದೇವರ ಕೋಣೆಗೂ ಕಾಲಿಡದ, ಎಲ್ಲದಕ್ಕೂ ಸಾಕ್ಷಿ ಕೇಳುವ ನಾನು, ಸೋಮವಾರ ಬಂದರೆ ಪುಂಡುವೇಷದ ಹೆಜ್ಜೆಗಳ ಬಗ್ಗೆ ರೈಗಳ ಜೊತೆ ತಲೆ ಆಡಿಸುತ್ತಿದ್ದೆ. ಆ ತಲೆಯಾಟವೆಲ್ಲ ಸುಳ್ಳು ಎಂಬುದು ನನ್ನನ್ನು ಕಾಯಿಲೆಗಿಂತ ಹೆಚ್ಚು ಚುಚ್ಚುತ್ತಿತ್ತು.

ಎರಡನೆಯ ವರ್ಷದ ಕೊನೆ ಹತ್ತಿರ ಬಂತು. ಮಂಡಳಿಯ ಸಭೆಗೆ ಎರಡು ವಾರ ಇದೆ ಎನ್ನುವಾಗ ಆ ವರ್ಷದ ತಾಳಮದ್ದಳೆ. ಈ ಸಲ ಕೂಟಕ್ಕೆ ಮೊದಲಿನ ಸಭೆಯ ಅಧ್ಯಕ್ಷತೆ ನನ್ನದೇ ಎಂದು ರೈಗಳು ಹೇಳಿದರು. ಬೇಡ ಎನ್ನಲಾಗಲಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಶುರು. ಮಾತು ತೊದಲಬಾರದು, ಪದ ಕೈತಪ್ಪಬಾರದು ಎಂದು ಆ ದಿನದ ಮಧ್ಯಾಹ್ನದ ಮಾತ್ರೆಯನ್ನು ಬಿಟ್ಟೆ. ಹಿಂದಿನ ದಿನದ ಒಂದನ್ನೂ ಬಿಟ್ಟಿದ್ದೆನೋ ಏನೋ. ನೋಟ್‌ಬುಕ್ಕಿನಲ್ಲಿ ಅಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದೆ. ಮೂರ್ಖತನ ಮಾಡಿದವನು ನಾನೇ. ಇದನ್ನು ಓದುವವರು ಮಾಡಬೇಡಿ.

ಮುಂದಿನದ್ದು ಥೋಮಸ್ ಹೇಳಿದ್ದು. ಅವನು ಮೊದಲ ಸಾಲಿನಲ್ಲಿದ್ದ, ಅಳೆದು ಮಾತಾಡುವವನು. ನಾನು ಎದ್ದು ನಿಂತೆ. ಎರಡು ವಾಕ್ಯ ಚೆನ್ನಾಗಿಯೇ ಹೇಳಿದೆ. ಮೂರನೆಯದರ ನಡುವೆ ನಿಂತೆ, ಬಲಗೈ ನಿಧಾನಕ್ಕೆ ಮೇಲೆ ಹೋಯಿತು, ಗಂಟಲಿನಿಂದ ಒಂದು ಕೂಗು ಬಂತು, ಹಿಂದಕ್ಕೆ ಬಿದ್ದೆ. ಮರದ ವೇದಿಕೆಯ ಅಂಚಿಗೆ ತಲೆ ತಾಗಿದ ಶಬ್ದ ಅವನಿಗೆ ಕೇಳಿತಂತೆ. ಮೈ ಅದುರತೊಡಗಿತು.

ಮುಂದೆ ನಡೆದ ತಪ್ಪನ್ನು ಬೇರೆ ಊರಿನವರು ಮಾಡಲಾರರು. ಹಿನ್ನೆಲೆಯಲ್ಲಿ ಚೆಂಡೆ ಮದ್ದಳೆ ಇಟ್ಟಿದೆ. ತಲೆಯಲ್ಲಿ ಕೆಂಪು ಕಪ್ಪು ಪಗಡಿ. ಮನುಷ್ಯ ಕೂಗಿ ಬಿದ್ದು ನಡುಗುತ್ತಿದ್ದಾನೆ. ನಮ್ಮ ಸೀಮೆಯಲ್ಲಿ ಹುಟ್ಟಿದವರ ಕಣ್ಣಿಗೆ ಅದು ಒಂದೇ ಥರ ಕಾಣುವುದು: ದರ್ಶನ. ಮೈಮೇಲೆ ಬಂದಿದೆ. ಮುಂದಿನ ಸಾಲಿನ ಹೆಂಗಸರು ಎದ್ದು ಕೈ ಮುಗಿದರು. ಯಾರೋ ವೇದಿಕೆಯ ಅಲಂಕಾರಕ್ಕೆ ಇಟ್ಟಿದ್ದ ಹಿಂಗಾರವನ್ನು, ಅಡಿಕೆಯ ಹೂಗೊನೆಯನ್ನು, ತಂದು ನನ್ನ ಎದೆಯ ಮೇಲೆ ಇಟ್ಟರು. ಇನ್ಯಾರೋ ಬಗ್ಗಿ, ಬಂದದ್ದು ಯಾರು ಎಂದು ಹೇಳಬೇಕು ಎಂದು ಭಕ್ತಿಯಿಂದ ವಿಚಾರಿಸಿದರು. ಬಾಯಿಗೆ ನೀರು ಹೊಯ್ಯಲು ಒಬ್ಬರು ಲೋಟ ಹಿಡಿದಿದ್ದರು. ಅಷ್ಟರಲ್ಲಿ, ಕೂಟ ಕೇಳಲೆಂದು ಬಂದು ಹಿಂದೆ ಕೂತಿದ್ದ ಅಕ್ಕ ಜನರನ್ನು ಸೀಳಿಕೊಂಡು ಬಂದು ಲೋಟವನ್ನು ತಳ್ಳಿ, ನನ್ನನ್ನು ಮಗ್ಗುಲಿಗೆ ತಿರುಗಿಸಿ ಹಿಡಿದಳು. ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಗುಟ್ಟು ನನ್ನದು, ತಾನು ಹೇಗೆ ಹೇಳುವುದು ಎಂದು ಆಮೇಲೆ ಹೇಳಿದಳು.

ನನ್ನ ಕಾಲಂನಲ್ಲಿ ಇರುವುದು ಹಿಂಗಾರದ ವಾಸನೆ. ಇನ್ನೊಂದು ಕೂಡ: ಎಚ್ಚರ ಆದ ಕೂಡಲೇ ಎಲ್ಲರ ಎದುರು ಎದ್ದು ಕೂತು, ನನಗೆ ಮೂರ್ಛೆರೋಗ ಇದೆ ಎಂದು ಗಟ್ಟಿಯಾಗಿ ಹೇಳಿದ್ದು ನನಗೆ ಸ್ಪಷ್ಟ ನೆನಪಿದೆ. ಥೋಮಸ್ ಕೇಳಿಲ್ಲ. ಅಕ್ಕ ಕೇಳಿಲ್ಲ. ನಾನು ಹೇಳಿದ್ದು “ಚಪ್ಪಲಿ ಎಲ್ಲಿ?” ಎಂದು ಮಾತ್ರ, ಎಂದು ಇಬ್ಬರೂ ಬೇರೆ ಬೇರೆಯಾಗಿ ಹೇಳಿದ್ದಾರೆ. ಹಾಗಾದರೆ ಅದನ್ನೇ ಒಪ್ಪಬೇಕು.

ತಲೆಗೆ ಏನೂ ಆಗಿರಲಿಲ್ಲ. ಬೆಳ್ಳಾರೆಯ ಡಾಕ್ಟರರು ಹಿಂಬದಿಯನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿ, ಪಗಡಿಯನ್ನು ಕೈಗೆ ತೆಗೆದುಕೊಂಡು ತೂಗಿ ನೋಡಿದರು. ಉಣ್ಣೆ ಒಂದು ಕಡೆ ಹರಿದು ಹತ್ತಿ ಹೊರಗೆ ಬಂದಿತ್ತು.

ಮಂಗಳವಾರ ರೈಗಳು ಜೀಪಿನಲ್ಲಿ ನರಿಮೊಗರಿಗೆ ಬಂದರು. ಕಾಫಿ ಕುಡಿದು, ಲೋಟ ಕೆಳಗಿಟ್ಟು, ಅಕ್ಕ ಭಾವ ಇಬ್ಬರೂ ಇರಲಿ ಎಂದು ಕೂರಿಸಿಕೊಂಡರು.

“ಮಾಷ್ಟ್ರೆ, ನನ್ನ ಅಣ್ಣನ ಮಗಳಿಗೆ ಇದ್ದದ್ದು ಇದೇ. ನನಗೆ ಗೊತ್ತಾಗುದಿಲ್ಲವಾ?” ಎಂದರು. ನಾನು ತಲೆ ತಗ್ಗಿಸಿದೆ. “ಊರಿನವರು ದರ್ಶನ ಅಂತ ಹೇಳ್ತಾ ಇದ್ದಾರೆ. ಹಾಗೇ ಇರ್ಲಿ. ದರ್ಶನ ಬಂದವನನ್ನು ಕೆಲಸದಿಂದ ತೆಗೆಯುವ ಧೈರ್ಯ ನಮ್ಮ ಮಂಡಳಿಯಲ್ಲಿ ಒಬ್ಬನಿಗೂ ಇಲ್ಲ. ಫಿಟ್ಸ್ ಅಂದ್ರೆ, ತೆಗೆಯುದೇ. ನೀವು ಎಂತದೂ ಹೇಳುದು ಬೇಡ. ಸುಮ್ಮನೆ ಇದ್ರೆ ಸಾಕು.”

ಅವರು ಹೋದ ಮೇಲೆ ಭಾವ, ಇಷ್ಟು ಒಳ್ಳೆಯವರು ಸಿಗುವುದಿಲ್ಲ, ಒಪ್ಪಿಕೋ ಎಂದರು. ನನಗೂ ಒಪ್ಪಿಕೊಳ್ಳುವ ಆಸೆ ಇತ್ತು. ಸುಮ್ಮನಿದ್ದರೆ ಕೆಲಸ ಕಾಯಂ. ಮಾತಾಡಿದರೆ ಕೆಲಸವೂ ಹೋಗುತ್ತದೆ, ಎಂ.ಎಸ್ಸಿ. ಪದವಿ ಗೋಡೆಯ ಮೇಲೆ ಉಳಿಯುತ್ತದೆ. ಸತ್ಯಕ್ಕಾಗಿ ನಾನು ಆ ಸಂಜೆ ಎದೆ ಸೆಟೆದು ನಿಂತೆ ಎಂದು ಬರೆಯಲು ಚೆನ್ನಾಗಿರುತ್ತಿತ್ತು. ನೋಟ್‌ಬುಕ್ಕಿನಲ್ಲಿ ಇರುವುದು ಬೇರೆ. ಅಕ್ಕ ಹರಿದ ಪಗಡಿಯನ್ನು ಮತ್ತೆ ಹೆಣೆಯುತ್ತಾ ಕೂತಿದ್ದಳು. ಕಡ್ಡಿಯಿಂದ ಕಣ್ಣು ತೆಗೆಯದೆ ಹೇಳಿದಳು:

“ಮುಂದಿನ ಸಲ ನೀನು ಬಿದ್ರೆ ನಾನು ಅಲ್ಲಿ ಇರುದಿಲ್ಲ ಮಾರಾಯ. ದರ್ಶನ ಅಂತಾದ್ರೆ ನಿನ್ನ ಬಾಯಿಗೆ ನೀರು ಹೊಯ್ತಾರೆ. ಅದು ಶ್ವಾಸಕ್ಕೆ ಹೋಗ್ತದೆ. ಕೈ ಮುಗಿದುಕೊಂಡೇ ಕೊಲ್ತಾರೆ ನಿನ್ನನ್ನು.”

ನಾನು ಎದ್ದು ಕಾಗದ ತೆಗೆದುಕೊಂಡೆ.

ಒಂದೇ ಪುಟದ ಪತ್ರ. ನನಗೆ ಅಪಸ್ಮಾರ ಇದೆ, ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಭಾನುವಾರ ಆದದ್ದು ದರ್ಶನ ಅಲ್ಲ, ಯಕ್ಷಗಾನದ ಬಗ್ಗೆ ನನಗೆ ಏನೂ ಗೊತ್ತಿಲ್ಲ, ಟೋಪಿ ತಲೆಗೆ ಪೆಟ್ಟಾಗದಿರಲು ಅಕ್ಕ ಹೆಣೆದದ್ದು. ಇದನ್ನು ಮಂಡಳಿಯ ಮುಂದೆ ಇಡಬೇಕು. ಬುಧವಾರ ಬೆಳಿಗ್ಗೆ ರೈಗಳ ಕೈಗೇ ಕೊಟ್ಟೆ. ಅವರು ಓದಿ, ಮಡಚಿ, ಜೇಬಿಗೆ ಹಾಕಿಕೊಂಡರು. ಹಾಗೆಂದು ನನ್ನ ನೆನಪು.

ಅಲ್ಲಿಂದ ತರಗತಿಗೆ ಹೋಗಿ ಮಕ್ಕಳಿಗೂ ಹೇಳಿದೆ. ಗದ್ದಲ ಆಗಲಿಲ್ಲ. ಮುಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು, “ಸರ್, ಇನ್ನೊಮ್ಮೆ ಬಿದ್ರೆ ನಾವು ಎಂತ ಮಾಡ್ಬೇಕು?” ಎಂದು ಕೇಳಿದಳು. ಕಾಯಿಲೆ ಶುರುವಾದ ಮೇಲೆ ಯಾರಾದರೂ ಕೇಳಿದ ಮೊದಲ ಸರಿಯಾದ ಪ್ರಶ್ನೆ ಅದು. ಹಲಗೆಯ ಮೇಲೆ ಬರೆದೆ. ಮಗ್ಗುಲಿಗೆ ತಿರುಗಿಸಿ. ಬಾಯಿಗೆ ಏನೂ ಹಾಕಬೇಡಿ. ಕೈಕಾಲು ಒತ್ತಿ ಹಿಡಿಯಬೇಡಿ. ಗಡಿಯಾರ ನೋಡಿ.

ಮುಂದಿನ ಎರಡು ವಾರ ನಾನು ಕೂತಲ್ಲಿ ಕೂರಲಿಲ್ಲ. ಬೇರೆ ಕೆಲಸಕ್ಕೆ ಅರ್ಜಿ ಬರೆಯುವುದು, ಹರಿದು ಹಾಕುವುದು. ಸಭೆಯ ದಿನ ಪುತ್ತೂರಿನ ಬೀದಿಗಳಲ್ಲಿ ಸುಮ್ಮನೆ ನಡೆದೆ, ಪಗಡಿ ಹಾಕಿಕೊಂಡೇ. ನಾಲ್ಕು ದಿನ ಕಳೆದು ಅಂಚೆಯಲ್ಲಿ ಆದೇಶ ಬಂತು. ಭಾವನೇ ತಂದದ್ದು. ಬಾಗಿಲಲ್ಲೇ ಲಕೋಟೆ ಕೊಟ್ಟು, ನಾನು ಒಡೆದು ಓದುವವರೆಗೆ ಚಪ್ಪಲಿಯನ್ನೂ ಬಿಡಲಿಲ್ಲ. ಕಾಯಂ ಮಾಡಿದ್ದರು. ಕಾರಣ ಗೀರಣ ಏನೂ ಇರಲಿಲ್ಲ, ಎರಡು ಸಾಲು ಅಷ್ಟೆ.

ರೈಗಳಿಗೆ ಕೃತಜ್ಞತೆ ಹೇಳಲು ಹೋದೆ. ಪತ್ರ ಓದಿ ಮಂಡಳಿಯವರು ಏನು ಹೇಳಿದರು ಎಂದು ಕೇಳಿದೆ. “ಯಾವ ಪತ್ರ ಮಾರಾಯ್ರೆ?” ಎಂದು ನಕ್ಕರು. ಮತ್ತೆ ಯಾವಾಗ ಕೇಳಿದರೂ ಅದೇ ಮಾತು, ಅದೇ ನಗು.

ಆ ನಗು ನನ್ನನ್ನು ವರ್ಷಗಳವರೆಗೆ ಕಾಡಿತು. ಅವರು ಪತ್ರವನ್ನು ಜೇಬಿನಲ್ಲೇ ಉಳಿಸಿಕೊಂಡು ನನ್ನನ್ನು ದರ್ಶನದ ಮಾಷ್ಟ್ರನನ್ನಾಗಿ ಕಾಯಂ ಮಾಡಿಸಿದರೇ? ಅಥವಾ ನಾನು ಪತ್ರ ಕೊಡಲೇ ಇಲ್ಲವೇ? ಎಲ್ಲರೆದುರು ಗಟ್ಟಿಯಾಗಿ ಹೇಳಿದೆ ಎಂದು ಸ್ಪಷ್ಟವಾಗಿ ನೆನಪಿದ್ದದ್ದು ಸುಳ್ಳಾಗಿತ್ತಲ್ಲ. ಇದೂ ಅದೇ ಜಾತಿಯದ್ದಿರಬಹುದು. ದಯೆಯಿಂದ ಸಿಕ್ಕಿದ ಕೆಲಸವೋ, ಮೋಸದಿಂದ ಸಿಕ್ಕಿದ್ದೋ, ತಿಳಿದೂ ಒಪ್ಪಿ ಕೊಟ್ಟದ್ದೋ ಎಂದು ತಿಳಿಯದೆ ಪಾಠ ಮಾಡುವುದು ಸುಖದ ಕೆಲಸ ಅಲ್ಲ.

ಹಾಗೆಂದು ನಾನು ಸೋತವನ ಹಾಗೆ ಬದುಕಲಿಲ್ಲ. ಮುಂದಿನ ಮಳೆಗಾಲದಲ್ಲಿ ತರಗತಿಯಲ್ಲೇ ಒಮ್ಮೆ ಬಿದ್ದೆ. ಎಚ್ಚರ ಆದಾಗ ಮಗ್ಗುಲಾಗಿ ಮಲಗಿದ್ದೆ, ಬಾಯಿಯಲ್ಲಿ ಏನೂ ಇರಲಿಲ್ಲ. ಗಡಿಯಾರ ನೋಡಿದವರು ಹನ್ನೊಂದು ಜನ. ಎಲ್ಲರ ಪುಸ್ತಕದಲ್ಲೂ ಒಂದು ನಿಮಿಷ ನಲವತ್ತು ಸೆಕೆಂಡು. ನನ್ನ ನೋಟ್‌ಬುಕ್ಕಿನಲ್ಲಿ ಸಾಕ್ಷಿಗಳೆಲ್ಲ ಒಂದೇ ಮಾತು ಹೇಳಿದ ಪುಟ ಅದೊಂದೇ. ಆ ಹಾಳೆಯನ್ನು ಮಂಗಳೂರಿನ ಡಾಕ್ಟರರಿಗೆ ತೋರಿಸಿದಾಗ ಅವರು ಮಾತ್ರೆಯ ಪ್ರಮಾಣ ಬದಲಿಸಿದರು. ಬೀಳುವುದು ಕಡಿಮೆ ಆಗುತ್ತಾ ಬಂತು. ಎಂಬತ್ತರ ದಶಕದ ನಡುವಿನಲ್ಲಿ ಕೊನೆಯ ಸಲ ಬಿದ್ದದ್ದು. ಮಾತ್ರೆ ಈಗಲೂ ಇದೆ, ತಪ್ಪಿಸುವುದಿಲ್ಲ.

ಆಸ್ಪತ್ರೆಯ ವರಾಂಡದಲ್ಲಿ ಕೊಲ್ಲಮೊಗ್ರಿನ ತಾಯಿ ಮಗಳು ಮತ್ತೆ ಮತ್ತೆ ಸಿಗುತ್ತಿದ್ದರು. ಪುಷ್ಪಳ ಕಣ್ಣು ನನ್ನ ಪಗಡಿಯ ಮೇಲೆಯೇ ಇರುತ್ತಿತ್ತು. ಅಕ್ಕ ಅವಳನ್ನು ಹತ್ತಿರ ಕರೆದು, ನಿನಗೆ ಯಾವ ವೇಷ ಇಷ್ಟ ಎಂದು ಕೇಳಿದಳು. ಅವಳು ಯೋಚಿಸಿ, “ನನಗೆ ರಕ್ಕಸ,” ಎಂದಳು. ಅಕ್ಕ ರಕ್ಕಸರ ಬಣ್ಣದ ವೇಷದ್ದನ್ನೇ ಹೆಣೆದು ಕೊಟ್ಟಳು, ಹುಬ್ಬು ಮೀಸೆ ಸಮೇತ. ಮಗಳು ಅದನ್ನು ಹಾಕಿಕೊಂಡು ಮತ್ತೆ ಶಾಲೆಗೆ ಹೋಗುತ್ತಿದ್ದಾಳೆ, ಮಕ್ಕಳು ಅವಳಿಗೆ ಹೆದರುತ್ತಾರೆ ಎಂದು ತಾಯಿ ಬಹಳ ಸಂತೋಷದಿಂದ ಹೇಳಿದರು. ಆಮೇಲೆ ಅಕ್ಕನಿಗೆ ಬಿಡುವೇ ಇರಲಿಲ್ಲ. ನನ್ನ ಗ್ರಾಫ್ ಹಾಳೆಗಳು ಕಾಲೇಜಿಗಿಂತ ಅವಳಿಗೇ ಹೆಚ್ಚು ಖರ್ಚಾದವು. ನಾನೂ ಒಂದೆರಡು ಆಟಗಳನ್ನು ಕಂಡೆ, ಹಗಲು ಹೊತ್ತಿನಲ್ಲಿ ಆದವುಗಳನ್ನು. ಆಸಕ್ತಿ ಹುಟ್ಟಲಿಲ್ಲ ಎಂದು ಹೇಳಬೇಕಾಗಿದೆ. ಅಕ್ಕ ಇನ್ನೂ ನಂಬಿಕೆ ಬಿಟ್ಟಿಲ್ಲ.

ರೈಗಳು ತೀರಿಕೊಂಡ ವರ್ಷ, ಎಂಬತ್ತರ ದಶಕದ ಕೊನೆಗೆ, ಕಾಲೇಜಿನ ಹಳೆಯ ಕಡತಗಳನ್ನು ಜೋಡಿಸುವ ಕೆಲಸವನ್ನು ನನಗೆ ವಹಿಸಿದರು. ಮಂಡಳಿಯ ನಡಾವಳಿ ಪುಸ್ತಕಗಳು ಒಂದು ಮರದ ಪೆಟ್ಟಿಗೆಯಲ್ಲಿದ್ದವು. ನನಗೆ ಬೇಕಾದ ಪುಟ ಸಿಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಹೆಸರನ್ನು, ತಾರೀಕನ್ನು, ಕೆಳಗಿನ ಏಳು ಸಹಿಗಳನ್ನು ಎರಡೆರಡು ಸಲ ನೋಡಿದೆ. ಥೋಮಸನನ್ನು ಕರೆದು ಅವನಿಂದಲೂ ಓದಿಸಿದೆ. ಆ ಸಭೆಯಲ್ಲಿ ನನ್ನ ಪತ್ರವನ್ನು ಪೂರ್ತಿಯಾಗಿ ಓದಲಾಗಿತ್ತು. ಅದರ ಕೆಳಗೆ ಎರಡು ತೀರ್ಮಾನಗಳಿದ್ದವು. ಒಂದು, ಭೌತಶಾಸ್ತ್ರದ ಉಪನ್ಯಾಸಕರನ್ನು ಕಾಯಂ ಮಾಡುವುದು. ಎರಡು, ಅವರು ಪಾಠ ಮಾಡುವ ಕೋಣೆಯಲ್ಲಿ ಹಲಗೆಯ ಮುಂದಿನ ಸಿಮೆಂಟು ನೆಲಕ್ಕೆ ತೆಂಗಿನ ನಾರಿನ ದಪ್ಪ ಚಾಪೆ ಹಾಸುವುದು. ಆ ಚಾಪೆಯ ಮೇಲೆ ನಾನು ಅಷ್ಟೂ ವರ್ಷ ನಿಂತು ಪಾಠ ಮಾಡಿದ್ದೆ, ಕುರ್ಚಿ ಎಳೆಯುವ ಸದ್ದು ಆಗದಿರಲಿ ಎಂದು ಹಾಸಿದ್ದಾರೆ ಅಂದುಕೊಂಡು. ಸೂಚಿಸಿದವರು ಸಂಚಾಲಕರು. ಅನುಮೋದಿಸಿದವರು ಎಂಬಲ್ಲಿ ‘ಎಲ್ಲರೂ’ ಎಂದು ಬರೆದಿದೆ.